ಸಿಡಿಲು, ಶುಕ್ರ, ವಜ್ರಾಯುಧ: ‘ವಿದ್ಯುತ್ ವಿಶ್ವ’ದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2019ರ ಡಿಸೆಂಬರ್ 26ರಂದು ನಮ್ಮ ಕಾಸರಗೋಡಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಾನು ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಷ್ಟ್ರಾಗಿದ್ದವನು. ಆವತ್ತು ನಮ್ಮ ಮನೆಯಂಗಳದಲ್ಲಿ ರಟ್ಟಿಗೆ ತೂತು ಮಾಡಿ ಬಿಳಿ ಹಾಳೆಯ ಮೇಲೆ ಬಿಸಿಲು ಬೀಳಿಸಿದೆ. 9 ಗಂಟೆ 25ರ ಹೊತ್ತಿಗೆ ಹಾಳೆಯ ಮೇಲೆ ಉದ್ದಿನವಡೆಯ ಹಾಗೆ ಬೆಳಕಿನ ಬಳೆ ಬಿತ್ತು, ಒಂದು ಬದಿ ಚೂರು ದಪ್ಪ. ಪಕ್ಕದಲ್ಲಿದ್ದ ಹುಡುಗ ಮೊಬೈಲ್ ತೋರಿಸಿ ಕೇಳಿದ: “ಮಾಷ್ಟ್ರೇ, ಸೂರ್ಯ ಕರೆಂಟಿನಲ್ಲಿ ಉರಿಯುವುದು ಅಂತ ಇದರಲ್ಲಿ ಉಂಟು. ಹೌದಾ?”

ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಅಂಚೆಯಲ್ಲಿ, ವಾಟ್ಸಾಪಿನಲ್ಲಿ ಕೇಳುತ್ತಲೇ ಇದ್ದಾರೆ. ಹೆಚ್ಚು ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

### ಶುರುವಿನ ಪ್ರಶ್ನೆಗಳು

ಮಾಷ್ಟ್ರೇ, ಈ ‘ವಿದ್ಯುತ್ ವಿಶ್ವ’ ಅಂದ್ರೆ ಎಂತದು?

ವಿಶ್ವವನ್ನು ನಡೆಸುವುದು ಗುರುತ್ವ ಅಲ್ಲ, ವಿದ್ಯುತ್ತು ಎನ್ನುವ ವಾದ. ಸೂರ್ಯ ಒಳಗಿನಿಂದ ಉರಿಯುವುದಿಲ್ಲ, ಹೊರಗಿನಿಂದ ಬರುವ ಕರೆಂಟಿನಿಂದ ಬಲ್ಬಿನ ಹಾಗೆ ಬೆಳಗುತ್ತಾನೆ ಅಂತ ಒಂದು ಭಾಗ. ಕೆಲವೇ ಸಾವಿರ ವರ್ಷಗಳ ಹಿಂದೆ ಗ್ರಹಗಳು ಜಾಗ ಬಿಟ್ಟು ಓಡಾಡಿದವು, ಒಂದರಿಂದ ಒಂದಕ್ಕೆ ದೊಡ್ಡ ದೊಡ್ಡ ಸಿಡಿಲು ಹಾರಿತು, ಅದನ್ನು ನೋಡಿ ಹೆದರಿದ ಜನ ಬರೆದಿಟ್ಟದ್ದೇ ಪುರಾಣ ಅಂತ ಇನ್ನೊಂದು ಭಾಗ.

ಗ್ರಹಗಳ ಕತೆಯನ್ನು 1950ರಲ್ಲಿ ಜನಪ್ರಿಯ ಮಾಡಿದವರು ಇಮ್ಯಾನುಯೆಲ್ ವೆಲಿಕೋವ್‌ಸ್ಕಿ ಎಂಬ ಮನೋವೈದ್ಯರು. ಸೂರ್ಯನಿಗೆ ಕರೆಂಟು ಕೊಟ್ಟವರು 1970ರ ದಶಕದಲ್ಲಿ ರಾಲ್ಫ್ ಜರ್ಗೆನ್ಸ್ ಎಂಬ ಎಂಜಿನಿಯರ್. ಎರಡನ್ನೂ ಹೆಣೆದು ಈಗಿನ ರೂಪ ಕೊಟ್ಟವರು ಡೇವಿಡ್ ಟಾಲ್ಬಾಟ್ ಮತ್ತು ವಾಲೇಸ್ ಥಾರ್ನ್‌ಹಿಲ್.

ಹಾಗಾದ್ರೆ ಆಕಾಶದಲ್ಲಿ ಕರೆಂಟೇ ಇಲ್ಲ ಅಂತೀರಾ?

ಖಂಡಿತಾ ಉಂಟು, ಬೇಕಾದಷ್ಟು. ಮನೆಯಲ್ಲಿ ಕರೆಂಟು ಇದೆಯಾ ಅಂತ ನೋಡುವ ಟೆಸ್ಟರ್ ತೆಗೆದುಕೊಳ್ಳಿ. ಪ್ಲಗ್ಗಿಗೆ ಚುಚ್ಚಿದಾಗ ಅದರ ಹಿಡಿಯೊಳಗೆ ಕೇಸರಿ ಬಣ್ಣದಲ್ಲಿ ಮಿಣಕುತ್ತದಲ್ಲ, ಅದು ಪ್ಲಾಸ್ಮಾ. ಎಲೆಕ್ಟ್ರಾನ್ ಕಳಚಿಕೊಂಡ ಅನಿಲ ಅಷ್ಟೆ. ಸೂರ್ಯ, ನಕ್ಷತ್ರ, ನಕ್ಷತ್ರಗಳ ನಡುವಿನ ತೆಳು ಅನಿಲದ ಹೆಚ್ಚಿನ ಪಾಲು ಎಲ್ಲ ಅದೇ.

ಧ್ರುವಗಳ ಮೇಲೆ ಕುಣಿಯುವ ಬಣ್ಣದ ಬೆಳಕಿಗೆ ಸೂರ್ಯನಿಂದ ಬರುವ ವಿದ್ಯುತ್ ಕಣಗಳೇ ಕಾರಣ ಎಂದು ನಾರ್ವೆಯ ಕ್ರಿಸ್ಟಿಯನ್ ಬರ್ಕಲಾಂಡ್ ನೂರು ವರ್ಷ ಹಿಂದೆಯೇ ಹೇಳಿದ್ದರು. ತುಂಬಾ ಜನ ಒಪ್ಪಲಿಲ್ಲ. ಉಪಗ್ರಹಗಳು ಮೇಲೆ ಹೋಗಿ ಅಳೆದ ಮೇಲೆ ಅವರು ಹೇಳಿದ ಕರೆಂಟು ಸಿಕ್ಕಿತು. ಅದಕ್ಕೆ ಈಗ ಅವರದೇ ಹೆಸರು. 2024ರ ಮೇ ತಿಂಗಳ ಸೌರಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ಗುರುಗ್ರಹಕ್ಕೂ ಅದರ ಚಂದ್ರ ಅಯೋಗೂ ನಡುವೆ ಲಕ್ಷಗಟ್ಟಲೆ ಆಂಪಿಯರ್ ಹರಿಯುತ್ತದೆ. ಇದೆಲ್ಲ ಪಠ್ಯಪುಸ್ತಕದ ವಿಜ್ಞಾನ. ಜಗಳ ಇರುವುದು ಕರೆಂಟು ಉಂಟಾ ಇಲ್ವಾ ಅಂತ ಅಲ್ಲ, ಎಷ್ಟು ಉಂಟು ಅಂತ. ಅಡಿಕೆ ಕೊಳ್ಳುವವನಿಗೆ “ತುಂಬಾ ಉಂಟು” ಅಂದರೆ ದುಡ್ಡು ಕೊಡುತ್ತಾನಾ? ತಕ್ಕಡಿಗೆ ಹಾಕಿ ಅಂತಾನೆ.

ಗುಡುಗುವಾಗ ಅಜ್ಜಿ ‘ಅರ್ಜುನ, ಫಲ್ಗುಣ’ ಹೇಳ್ತಿದ್ರು. ಅದರಲ್ಲಿ ವಿಜ್ಞಾನ ಉಂಟಾ?

ನಮ್ಮಜ್ಜಿಯೂ ಹೇಳುತ್ತಿದ್ದರು. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆ ಮೂಡಣ ಗುಡ್ಡದ ಮೇಲೆ ಕಪ್ಪು ಕಟ್ಟಿದ ಕೂಡಲೇ ನಮ್ಮನ್ನೆಲ್ಲ ಒಳಗೆ ಎಳೆದು, ಚಾವಡಿಯಲ್ಲಿ ಕೂರಿಸಿ, ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ’ ಅಂತ ಹತ್ತೂ ಹೆಸರು ಹೇಳಿಸುವುದು. ವಿರಾಟನ ಮಗ ಉತ್ತರ ಕೇಳಿದಾಗ ಬೃಹನ್ನಳೆ ಹೇಳುವ ಹತ್ತು ಹೆಸರು. ಯಕ್ಷಗಾನ ನೋಡಿದವರಿಗೆ ಗೊತ್ತಿರುತ್ತದೆ.

ವಿಜ್ಞಾನ ಇಲ್ಲ, ಆದರೆ ತರ್ಕ ಉಂಟು. ಸಿಡಿಲು ಇಂದ್ರನದು. ಅರ್ಜುನ ಇಂದ್ರನ ಮಗ. ಮಗನ ಹೆಸರು ಕೇಳಿದರೆ ಅಪ್ಪ ಕೈ ತಡೆಯುತ್ತಾನೆ. ಎಷ್ಟು ಚಂದ, ಅಲ್ವಾ? ಇದಕ್ಕೆ ‘ಶಬ್ದತರಂಗ’ ಅಂತೆಲ್ಲ ಬಾಲ ಕಟ್ಟಿದರೆ ಆ ಚಂದವೂ ಹೋಗುತ್ತದೆ. ಮಕ್ಕಳು ಒಳಗೆ ಕೂತಿದ್ದರು ಎನ್ನುವುದು ಬೇರೆ ಲಾಭ. ಆದರೆ ಅದೇ ಅಜ್ಜಿ ಒಂದು ಕತ್ತಿಯನ್ನು ಅಂಗಳಕ್ಕೆ ಎಸೆಯಲು ಜಗಲಿಯ ತುದಿಗೆ ಹೋಗುತ್ತಿದ್ದರು. ಅದು ಬೇಡ.

ಒಂದು ವರ್ಷ ನಮ್ಮ ಬಾವಿಕಟ್ಟೆಯ ಹತ್ತಿರದ ತೆಂಗಿಗೆ ಸಿಡಿಲು ಬಡಿಯಿತು. ಕಾಂಡದ ಒಂದು ಬದಿ ಮೇಲಿಂದ ಕೆಳಗೆ ಉಳಿಯಿಂದ ಕೆತ್ತಿದ ಹಾಗೆ ಪಟ್ಟಿ ಎದ್ದಿತ್ತು. ತಲೆ ಮಾತ್ರ ಹಸಿರಾಗಿಯೇ ಇತ್ತು. “ಬದುಕಿತು” ಅಂದುಕೊಂಡೆವು. ಆಮೇಲೆ ಗರಿಗಳು ಒಂದೊಂದಾಗಿ ಜೋತುಬಿದ್ದು ಮರ ಹೋಯಿತು. ಪಂಪಿನ ಮೋಟಾರೂ ಹೋಯಿತು. ಸಿಡಿಲಿನಲ್ಲಿ ಸಾಮಾನ್ಯವಾಗಿ 30,000 ಆಂಪಿಯರಿನಷ್ಟು ಕರೆಂಟು, ಬಿಸಿ ಸುಮಾರು 30,000 ಡಿಗ್ರಿ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು.

ದೇವಸ್ಥಾನದ ಕೊಡಿಮರ (ಧ್ವಜಸ್ತಂಭ), ಮಾಡಿನ ತುದಿಯ ಮುಗುಳಿ ಎಲ್ಲ ಹಿಂದಿನವರ ಮಿಂಚುಬಂಧಕ ಅಂತಾರಲ್ಲ?

ಮಿಂಚುಬಂಧಕ ಅಂದರೆ ತುದಿಯಲ್ಲಿ ಲೋಹ ಇದ್ದರೆ ಸಾಲದು. ಅಲ್ಲಿಂದ ನೆಲದೊಳಗಿನವರೆಗೆ ತುಂಡಾಗದ ಲೋಹದ ದಾರಿ ಬೇಕು. ಮರದ ಮಾಡಿನ ಮೇಲೆ ತಾಮ್ರದ ಮುಗುಳಿ ಇಟ್ಟು ಕೆಳಗೆ ತಂತಿ ಇಳಿಸದಿದ್ದರೆ ಸಿಡಿಲು ಮರದ ಮೂಲಕವೇ ಇಳಿಯುತ್ತದೆ, ಬೆಂಕಿಯೂ ಹತ್ತಬಹುದು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲವಂತೂ ಒಣಗಿದರೆ ಕರೆಂಟು ಹರಿಯಲು ಬಿಡುವುದೇ ಇಲ್ಲ. ಅದಕ್ಕೇ ಅರ್ತಿಂಗಿನ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯುವುದು. ದೇವಸ್ಥಾನಕ್ಕೆ ಬೇರೆಯೇ ಮಿಂಚುಬಂಧಕ ಹಾಕಿಸಿ.

### ಪುರಾಣದ ಕಡೆಯಿಂದ

ವಜ್ರಾಯುಧ, ಉತ್ತರ ಯುರೋಪಿನ ಥೋರ್ ದೇವರ ಸುತ್ತಿಗೆ, ಗ್ರೀಕರ ಜ್ಯೂಸ್ ದೇವರ ಸಿಡಿಲು. ಎಲ್ಲರೂ ಒಂದೇ ನೋಡದಿದ್ದರೆ ಒಂದೇ ಕತೆ ಹೇಗೆ ಬರುತ್ತದೆ?

ಎಲ್ಲರೂ ಒಂದನ್ನೇ ನೋಡಿದ್ದಾರೆ: ಸಿಡಿಲು. ಭೂಮಿಯ ಮೇಲೆ ಪ್ರತಿ ಸೆಕೆಂಡಿಗೆ ಸುಮಾರು 45 ಮಿಂಚು ಹೊಡೆಯುತ್ತದೆ ಎಂದು ಉಪಗ್ರಹಗಳು ಎಣಿಸಿವೆ. ಆಕಾಶದಿಂದ ಬಂದು ಮರ ಸೀಳುವ ಇಂಥದ್ದನ್ನು ಎಲ್ಲರಿಗಿಂತ ದೊಡ್ಡ ದೇವರ ಕೈಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ?

ಇನ್ನೊಂದು ಕಾರಣ ಭಾಷೆಯ ನೆಂಟಸ್ತಿಕೆ. ವೇದದ ‘ದ್ಯೌಸ್ ಪಿತರ್’, ಗ್ರೀಕರ ‘ಜ್ಯೂಸ್ ಪಟೇರ್’, ರೋಮಿನ ‘ಜುಪಿಟರ್’ ಒಂದೇ ಬೇರಿನ ಪದಗಳು. ಹೆಸರು ಹೋದ ದಾರಿಯಲ್ಲೇ ಕತೆಯೂ ಹೋಗಿದೆ.

ಹೋಲಿಕೆ ಹುಡುಕುವ ಆತುರದಲ್ಲಿ ಬಿಟ್ಟುಹೋಗುವುದನ್ನೂ ನೋಡಿ. ನಮ್ಮ ವಜ್ರ ದಧೀಚಿಯ ಎಲುಬಿನದು. ಇಂದ್ರ ವೃತ್ರನನ್ನು ಕೊಲ್ಲುವುದು ಕಟ್ಟಿಹಾಕಿದ್ದ ನೀರು ಬಿಡಿಸಲಿಕ್ಕೆ. ಇದು ಮಳೆ ಕಾಯುವವರ ಕತೆ. ಏಪ್ರಿಲಿನಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ನೂಲಿನಷ್ಟಾದಾಗ ಮೊದಲ ಗುಡುಗು ಕೇಳಿಸಿಕೊಂಡವರಿಗೆ ವೃತ್ರ ಯಾರೆಂದು ಹೇಳಿಕೊಡಬೇಕಾ? ಶುಕ್ರನಿಗೂ ಮಂಗಳನಿಗೂ ನಡುವೆ ಹಾರಿದ ಕಿಡಿ ಅಂದುಬಿಟ್ಟರೆ ಈ ನೀರೆಲ್ಲ ಎಲ್ಲಿಗೆ ಹೋಯಿತು?

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ತಾಳಮದ್ದಳೆ ಹೊಸದಲ್ಲ. ಒಬ್ಬನೇ ಅರ್ಥಧಾರಿ ಇವತ್ತು ಕರ್ಣನಾಗಿ ಕೂತು ಎದುರಿನವರ ಬಾಯಿ ಕಟ್ಟುತ್ತಾನೆ, ನಾಳೆ ಕೃಷ್ಣನಾಗಿ ಕೂತು ಕರ್ಣನ ತಪ್ಪು ಎಣಿಸುತ್ತಾನೆ. ಎರಡೂ ದಿನ ನಾವು ತಲೆದೂಗುತ್ತೇವೆ. ಪುರಾಣದಿಂದ ಹೆಕ್ಕಿ ಜೋಡಿಸಿದ ವಾದ ಕೇಳುವಾಗಲೂ ನನಗೆ ಹೀಗೇ ಆಗುತ್ತದೆ. ಕೇಳಲಿಕ್ಕೆ ಗಟ್ಟಿ. ಆದರೆ ಅದೇ ಕತೆಗಳಿಂದ ಉಲ್ಟಾ ವಾದವನ್ನೂ ಅಷ್ಟೇ ಗಟ್ಟಿಯಾಗಿ ಕಟ್ಟಬಹುದು.

ಶುಕ್ರ ಗುರುಗ್ರಹದಿಂದ ಸಿಡಿದು ಬಂದ ಧೂಮಕೇತು ಅಂತ ಓದಿದೆ. ಆಗ್ಲಿಕ್ಕಿಲ್ಲವಾ?

ವೆಲಿಕೋವ್‌ಸ್ಕಿಯ ಪ್ರಕಾರ ಇದು ನಡೆದದ್ದು ಕ್ರಿ.ಪೂ. 1500ರ ಆಸುಪಾಸಿನಲ್ಲಿ. ಶುಕ್ರ ಭೂಮಿಯ ಹತ್ತಿರ ಹಾದುಹೋಗಿ ಪ್ರಳಯದಂಥ ಅನಾಹುತ ಮಾಡಿತಂತೆ. ಗುರುವಿನ ಹಿಡಿತದಿಂದ ಪಾರಾಗಲು ಸೆಕೆಂಡಿಗೆ 60 ಕಿ.ಮೀ. ವೇಗ ಬೇಕು. ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡ ಗ್ರಹವನ್ನು ಆ ವೇಗದಲ್ಲಿ ಎಸೆದದ್ದು ಯಾವುದು? ಗುರುವಿನಲ್ಲಿ ಇರುವುದು ಬಹುಪಾಲು ಹೈಡ್ರೋಜನ್, ಹೀಲಿಯಂ. ಶುಕ್ರ ಕಲ್ಲಿನ ಗ್ರಹ. ಹಾಗೆ ಎಸೆದದ್ದು ಉದ್ದುದ್ದ ದಾರಿಯಲ್ಲಿ ಸುತ್ತಬೇಕು. ಆದರೆ ಎಲ್ಲ ಗ್ರಹಗಳ ಪೈಕಿ ಶುಕ್ರನ ದಾರಿಯೇ ಹೆಚ್ಚು ಗುಂಡಗಿರುವುದು.

ನನಗೆ ಇದೆಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಒಂದು ಮಣ್ಣಿನ ಹಲಗೆ. ಬಾಬಿಲೋನಿನಲ್ಲಿ ಅಮ್ಮಿಸದುಕ ಎಂಬ ರಾಜನ ಕಾಲದಲ್ಲಿ, ಅಂದರೆ ಸಾಮಾನ್ಯವಾಗಿ ಒಪ್ಪಿದ ಲೆಕ್ಕದಲ್ಲಿ ಕ್ರಿ.ಪೂ. 17ನೇ ಶತಮಾನದಲ್ಲಿ, ಯಾರೋ 21 ವರ್ಷ ಕಾಲ ಶುಕ್ರ ಯಾವ ದಿನ ಮೂಡಿತು, ಯಾವ ದಿನ ಮರೆಯಾಯಿತು ಅಂತ ಗುರುತು ಹಾಕುತ್ತಾ ಹೋದರು. ನಮಗೆ ಸಿಕ್ಕಿರುವುದು ಅದರ ನಂತರದ ಪ್ರತಿಗಳು, ಅಲ್ಲಲ್ಲಿ ತಪ್ಪೂ ಉಂಟು. ಆದರೂ ಅದರಲ್ಲಿ ಕಾಣುವುದು ಈಗಿನ ಶುಕ್ರನ ನಡಿಗೆಯೇ, ಸುಮಾರು 584 ದಿನಕ್ಕೊಮ್ಮೆ ಮರುಕಳಿಸುವುದು. ಹುಟ್ಟುವ ಮೊದಲೇ ಹಾಜರಿ ಹಾಕಿದ ಹಾಗಾಯಿತು.

ಆದ್ರೆ ವೆಲಿಕೋವ್‌ಸ್ಕಿ ಹೇಳಿದ್ದರಲ್ಲಿ ಕೆಲವು ಸರಿ ಆಯ್ತಲ್ಲ?

ಆಯಿತು. ಶುಕ್ರ ಬಿಸಿ ಇರುತ್ತದೆ ಅಂದರು, ಸುಮಾರು 460 ಡಿಗ್ರಿ ಇದೆ. ಗುರುವಿನಿಂದ ರೇಡಿಯೊ ಸದ್ದು ಬರಬಹುದು ಅಂದರು, 1955ರಲ್ಲಿ ಸಿಕ್ಕಿತು. ಆದರೆ ಶುಕ್ರ ಬಿಸಿಯಾಗಿರುವುದು ಈಚೆಗೆ ಹುಟ್ಟಿದ್ದರಿಂದ, ತಣಿಯುತ್ತಾ ಇದೆ ಅಂದಿದ್ದರು. ಅದು ತಣಿಯುತ್ತಿಲ್ಲ. ದಪ್ಪ ಇಂಗಾಲದ ಡೈಆಕ್ಸೈಡ್ ಕಂಬಳಿ ಹೊದ್ದು ಬೆವರುತ್ತಿದೆ. ಮೋಡದಲ್ಲಿ ಹೈಡ್ರೋಕಾರ್ಬನ್ ಇರುತ್ತದೆ ಅಂದರು, ಇರುವುದು ಗಂಧಕಾಮ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಪಕ್ಷ. 1950ರಲ್ಲಿ ಕೆಲವು ಖಗೋಳ ವಿಜ್ಞಾನಿಗಳು ಪುಸ್ತಕ ಓದುವ ಮೊದಲೇ ಪ್ರಕಾಶಕರ ಮೇಲೆ ಒತ್ತಡ ಹಾಕಿದರು. ಅದು ಸರಿಯಲ್ಲ. 1974ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತಿತರರು ಅವರನ್ನು ಕೂರಿಸಿಕೊಂಡು ಬಹಿರಂಗವಾಗಿ ಚರ್ಚೆ ಮಾಡಿದರಲ್ಲ, ಅದನ್ನೇ ಮೊದಲು ಮಾಡಬೇಕಿತ್ತು.

ಹಿಂದೆ ಶನಿ ಉತ್ತರ ಧ್ರುವದ ನೆತ್ತಿಯ ಮೇಲೆ ನಿಂತಿದ್ದ, ಅದೇ ಸತ್ಯಯುಗ ಅಂತಾರೆ?

ಇದು ಟಾಲ್ಬಾಟರ ವಾದ. ರೋಮಿನವರಿಗೆ ಶನಿ ಸುವರ್ಣಯುಗದ ರಾಜ. ಅಲ್ಲಿಂದ ಶುರು ಮಾಡಿ ಶನಿ, ಶುಕ್ರ, ಮಂಗಳ, ಭೂಮಿ ಓಲೆ ಚುಚ್ಚಿದ ಹಾಗೆ ಒಂದೇ ಸಾಲಿನಲ್ಲಿ ನಿಂತಿದ್ದವು ಅನ್ನುತ್ತಾರೆ. ಹಾಗೆ ನಿಂತರೆ ಸೂರ್ಯನ ಸುತ್ತ ಒಟ್ಟಿಗೆ ಸುತ್ತಲಾಗುವುದಿಲ್ಲ, ಚೆದುರಿಹೋಗುತ್ತವೆ. ಲೆಕ್ಕ ಬಿಡಿ. ಇಡೀ ಮನುಕುಲದ ನೆನಪು ಅಂದರೆ ನಮ್ಮ ನೆನಪೂ ಅದರಲ್ಲಿ ಬರಬೇಕಲ್ಲ? ಏಳರಾಟ ಶನಿಗೆ ಎಳ್ಳೆಣ್ಣೆ ದೀಪ ಹಚ್ಚುವವರ ಹತ್ತಿರ ಶನಿಯ ಕಾಲ ಸುವರ್ಣಯುಗ ಅಂತ ಒಮ್ಮೆ ಹೇಳಿನೋಡಿ.

ಬಂಡೆ ಮೇಲಿನ ಹಳೇ ಚಿತ್ರಗಳು ಪ್ಲಾಸ್ಮಾದ ಆಕಾರವೇ ಅಂತೆ, ಹೌದಾ?

ಈ ವಾದಕ್ಕೆ ಸ್ವಲ್ಪ ಗೌರವ ಕೊಡಬೇಕು. ಆಂಥೊನಿ ಪೆರಾಟ್ ನಿಜವಾದ ಪ್ಲಾಸ್ಮಾ ವಿಜ್ಞಾನಿ, ಅಮೆರಿಕದ ಲಾಸ್ ಅಲಮೋಸಿನಲ್ಲಿ ಕೆಲಸ ಮಾಡಿದವರು. ಕುಕ್ಕರುಗಾಲಿನಲ್ಲಿ ಕೂತು ಕೈ ಎತ್ತಿದ ಮನುಷ್ಯನ ಚಿತ್ರ ಹಲವು ದೇಶಗಳ ಬಂಡೆಗಳಲ್ಲಿದೆ. ಪ್ರಯೋಗಾಲಯದಲ್ಲಿ ಭಾರೀ ಕರೆಂಟು ಹರಿಸಿದಾಗ ಪ್ಲಾಸ್ಮಾ ಅದೇ ಆಕಾರ ತಾಳುತ್ತದೆ, ಹಾಗಾಗಿ ಹಿಂದೆಂದೋ ಆಕಾಶದಲ್ಲಿ ಅಂಥ ದೊಡ್ಡ ಬೆಳಕು ಕಂಡಿರಬೇಕು ಎಂದು 2003ರಲ್ಲಿ ಬರೆದರು.

ನಮ್ಮ ಜಿಲ್ಲೆಯಲ್ಲೇ ಎರಿಕುಳಂ, ಚೀಮೇನಿಯ ಪಾರೆಗಳ ಮೇಲೆ ಕೊರೆದ ಹಳೇ ಚಿತ್ರಗಳುಂಟು. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ನೋಡಬೇಕು, ಮಧ್ಯಾಹ್ನ ಹೋದರೆ ಗೆರೆ ಕಾಣುವುದೇ ಇಲ್ಲ. ಅಲ್ಲಿರುವುದು ಎತ್ತು, ಮನುಷ್ಯ. ಎತ್ತನ್ನು ಎತ್ತು ಅಂತ ಒಪ್ಪುವವರು ಪಕ್ಕದ ಮನುಷ್ಯನನ್ನು ಮಾತ್ರ ಪ್ಲಾಸ್ಮಾ ಅನ್ನುವುದು ಯಾಕೆ? ಕೈಕಾಲು ಮಡಚಿದ ಮನುಷ್ಯನನ್ನು ನಾಲ್ಕು ಗೆರೆಯಲ್ಲಿ ಬರೆ ಅಂತ ಮೂರನೇ ಕ್ಲಾಸಿನ ಮಗುವಿಗೆ ಹೇಳಿ. ಅದೇ ಚಿತ್ರ ಬರುತ್ತದೆ.

ಅಗಸ್ತ್ಯ ಸಂಹಿತೆಯಲ್ಲಿ ಬ್ಯಾಟರಿ ಮಾಡುವ ಶ್ಲೋಕ ಉಂಟಂತೆ?

ಮಣ್ಣಿನ ಪಾತ್ರೆ, ತಾಮ್ರದ ತಗಡು, ಸತು ಎಂದೆಲ್ಲ ಬರುವ ಆ ಶ್ಲೋಕವನ್ನು ನನಗೆ ಎಷ್ಟು ಜನ ಕಳಿಸಿದ್ದಾರೋ ಲೆಕ್ಕ ಇಲ್ಲ. ತಾಮ್ರ, ಸತು ಸೇರಿಸಿದರೆ ಸುಮಾರು 1 ವೋಲ್ಟ್ ಬರುತ್ತದೆ, ಅದು ನಿಜ. ನಿಂಬೆಹಣ್ಣಿನಲ್ಲಿ ನಾನೇ ಮಾಡಿಸುತ್ತಿದ್ದೆ. ಶ್ಲೋಕ ಎಷ್ಟು ಹಳೆಯದು ಎನ್ನುವುದಕ್ಕೆ ಹಳೆಯ ಓಲೆಗರಿ ತೋರಿಸಬೇಕು. ತೋರಿಸಿದರೂ ಸೂರ್ಯ ಕರೆಂಟಿನಲ್ಲಿ ಉರಿಯುತ್ತಾನೆ ಅಂತ ಆಗುವುದಿಲ್ಲ.

ವಿದ್ಯುತ್ ಸಂಶೋಧಕ ಟೆಸ್ಲಾಗೆ ವೇದಾಂತದ ಆಕಾಶ, ಪ್ರಾಣ ಎಲ್ಲ ಹೇಳಿಕೊಟ್ಟದ್ದು ವಿವೇಕಾನಂದರಾ?

ಇಬ್ಬರೂ ಭೇಟಿಯಾದದ್ದು ನಿಜ. 1896ರ ಫೆಬ್ರವರಿಯ ಒಂದು ಪತ್ರದಲ್ಲಿ ವಿವೇಕಾನಂದರು ಟೆಸ್ಲಾ ಬಗ್ಗೆ ಬರೆದಿದ್ದಾರೆ: ಶಕ್ತಿಯೂ ವಸ್ತುವೂ ಮೂಲದಲ್ಲಿ ಒಂದೇ ಎಂದು ಗಣಿತದಿಂದ ತೋರಿಸಬಲ್ಲೆ ಅಂತ ಟೆಸ್ಲಾಗೆ ಅನಿಸಿದೆಯಂತೆ, ಮುಂದಿನ ವಾರ ನೋಡಲು ಹೋಗುತ್ತೇನೆ ಅಂತ. ಟೆಸ್ಲಾಗೆ ಅದು ಆಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಬೇರೆ ದಾರಿಯಲ್ಲಿ ಮಾಡಿದರು. ಟೆಸ್ಲಾನ ಎಸಿ ಮೋಟಾರಿನ ಪೇಟೆಂಟ್ 1888ರದು, ಈ ಭೇಟಿಗಿಂತ ಎಷ್ಟೋ ಮೊದಲು.

### ಲೆಕ್ಕದ ಕಡೆಯಿಂದ

ವಿದ್ಯುತ್ ಬಲ ಗುರುತ್ವಕ್ಕಿಂತ ಕೋಟಿ ಕೋಟಿ ಪಟ್ಟು ದೊಡ್ಡದು. ಮತ್ತೆ ಗುರುತ್ವ ಗೆಲ್ಲುವುದು ಹೇಗೆ?

ಎಲೆಕ್ಟ್ರಾನ್, ಪ್ರೋಟಾನ್ ನಡುವೆ ನೋಡಿದರೆ 1ರ ಮುಂದೆ 39 ಸೊನ್ನೆ ಹಾಕುವಷ್ಟು ಪಟ್ಟು ದೊಡ್ಡದು. ಅಷ್ಟು ದೊಡ್ಡದಾದ್ದರಿಂದಲೇ ಸೋಲುತ್ತದೆ. ಪ್ಲಸ್ಸು ಒಂದು ಕಡೆ ಜಾಸ್ತಿಯಾದ ಕೂಡಲೇ ಮೈನಸ್ಸು ಓಡಿಬಂದು ಸೇರಿಕೊಂಡು ಸರಿದೂಗಿಸಿಬಿಡುತ್ತದೆ. ಕೈಯಳತೆ ದೂರದಲ್ಲಿ ನಿಂತ ಇಬ್ಬರ ಮೈಯಲ್ಲಿ ಎಲೆಕ್ಟ್ರಾನ್ ನೂರಕ್ಕೆ ಒಂದು ಹೆಚ್ಚಾದರೆ, ಅವರನ್ನು ದೂರ ತಳ್ಳುವ ಬಲ ಇಡೀ ಭೂಮಿಯ ಭಾರ ಎತ್ತುವಷ್ಟು ಇರುತ್ತದೆ. ಹಾಗೆ ಹೆಚ್ಚಾಗಲು ಪ್ರಕೃತಿ ಬಿಡುವುದಿಲ್ಲ. ಗುರುತ್ವಕ್ಕೆ ಮೈನಸ್ಸು ಇಲ್ಲ. ಬಡವನ ಉಳಿತಾಯದ ಹಾಗೆ ಸೇರುತ್ತಾ ಹೋಗುತ್ತದೆ.

ಗ್ರಹಣದ ದಿನ ನಮ್ಮ ಹಾಳೆಯ ಮೇಲೆ ಬಳೆ ಬಿದ್ದ ನಿಮಿಷ ವರ್ಷಗಳ ಹಿಂದೆಯೇ ಲೆಕ್ಕ ಹಾಕಿಟ್ಟದ್ದು. ಸೂರ್ಯ, ಚಂದ್ರ, ಭೂಮಿಯ ನಡುವಿನ ಆ ಲೆಕ್ಕದಲ್ಲಿ ಗುರುತ್ವ ಉಂಟು, ಕರೆಂಟು ಇಲ್ಲ.

ಸೂರ್ಯ ಒಳಗಿನಿಂದಲೇ ಉರಿಯುತ್ತಾನೆ ಅಂತ ಒಳಗೆ ಹೋಗಿ ನೋಡಿದವರು ಯಾರು?

ಯಾರೂ ಹೋಗಿಲ್ಲ. ಆದರೆ ಒಳಗಿನಿಂದ ಸುದ್ದಿ ಬರುತ್ತದೆ. ಹೈಡ್ರೋಜನ್ ಸೇರಿ ಹೀಲಿಯಂ ಆಗುವಾಗ ನ್ಯೂಟ್ರಿನೊ ಎಂಬ ಕಣ ಹುಟ್ಟುತ್ತದೆ. ಸೂರ್ಯನ ಬೆಳಕನ್ನು ಅಳೆದರೆ ಎಷ್ಟು ನ್ಯೂಟ್ರಿನೊ ಬರಬೇಕು ಅಂತ ಲೆಕ್ಕ ಹೇಳುತ್ತದೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ. ರಾತ್ರಿ ಮಲಗಿದಾಗಲೂ, ಭೂಮಿಯನ್ನು ತೂರಿಕೊಂಡು ಕೆಳಗಿನಿಂದ.

ಮೊದಲು ಅಳೆದಾಗ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು. ಸೂರ್ಯ ಒಳಗೆ ಉರಿಯುತ್ತಿಲ್ಲ ಎನ್ನುವುದಕ್ಕೆ ವಿದ್ಯುತ್ ಸೂರ್ಯನ ಪಕ್ಷದವರಿಗೆ ಇದೇ ದೊಡ್ಡ ಅಸ್ತ್ರವಾಗಿತ್ತು. ನ್ಯೂಟ್ರಿನೊಗಳು ದಾರಿಯಲ್ಲಿ ಜಾತಿ ಬದಲಿಸುತ್ತವೆ, ಹಳೆಯ ಉಪಕರಣಕ್ಕೆ ಒಂದೇ ಜಾತಿ ಕಾಣುತ್ತಿತ್ತು ಎಂದು 2001-02ರಲ್ಲಿ ಕೆನಡಾದ ಸಡ್ಬರಿ ಗಣಿಯಲ್ಲಿ ತಿಳಿಯಿತು. ಮೂರೂ ಜಾತಿ ಎಣಿಸಿದಾಗ ಲೆಕ್ಕ ಕೂಡಿತು. ನೆಲದಡಿ ನ್ಯೂಟ್ರಿನೊ ಹಿಡಿಯುವ ಕೆಲಸದಲ್ಲಿ ನಮ್ಮವರೂ ಮುಂದಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ 1965ರಲ್ಲೇ ಕೋಲಾರದ ಚಿನ್ನದ ಗಣಿಯಲ್ಲಿ ಸಿಕ್ಕಿತ್ತು.

ಮೇಲ್ಮೈ 5,500 ಡಿಗ್ರಿ ಇರುವಾಗ ಅದರ ಹೊರಗಿನ ಕಿರೀಟ (ಕೊರೊನಾ ಎಂಬ ತೆಳು ಅನಿಲದ ಹೊದಿಕೆ) 10 ಲಕ್ಷ ಡಿಗ್ರಿಗೂ ಜಾಸ್ತಿ ಬಿಸಿ ಯಾಕೆ ಅಂತ ಕೇಳಿದರೆ ಮಾತ್ರ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಕಾಂತಕ್ಷೇತ್ರದ ಕೆಲಸ ಎನ್ನುವಲ್ಲಿಯವರೆಗೆ ಒಪ್ಪಿಗೆ ಇದೆ.

ಧೂಮಕೇತು ಮಂಜುಗಡ್ಡೆ ಅಲ್ಲ, ಕರೆಂಟು ಹೊಡೆಯುವ ಬಂಡೆ ಅಂತಾರಲ್ಲ?

2014ರಲ್ಲಿ ರೊಸೆಟ್ಟಾ ನೌಕೆ 67ಪಿ ಎಂಬ ಧೂಮಕೇತುವಿನ ಪಕ್ಕದಲ್ಲೇ ಸುತ್ತಿ ತೂಗಿತು. ಅದರ ಸಾಂದ್ರತೆ ನೀರಿನ ಅರ್ಧಕ್ಕಿಂತ ಚೂರು ಜಾಸ್ತಿ. ಒಂದು ಮುರಕಲ್ಲನ್ನು ಕೆರೆಗೆ ಹಾಕಿ, ಮುಳುಗುತ್ತದೆ. 67ಪಿಯನ್ನು ಹಾಕುವಷ್ಟು ದೊಡ್ಡ ಕೆರೆ ಸಿಕ್ಕಿದರೆ ಒಣ ತೆಂಗಿನಕಾಯಿಯ ಹಾಗೆ ತೇಲುತ್ತದೆ. ನೀರಾವಿಯೂ ಬರುತ್ತಿತ್ತು. ಹೊರಮೈ ಇದ್ದಿಲಿನಷ್ಟು ಕಪ್ಪು, ಅದಕ್ಕೇ ನೋಡಿದವರಿಗೆ ಬಂಡೆ ಅನಿಸಿದ್ದು.

ನೊಬೆಲ್ ಪಡೆದ ಆಲ್ಫ್ವೇನ್ ಇದನ್ನೇ ಹೇಳಿದ್ದಲ್ವಾ?

ಅಲ್ಲ, ಇಲ್ಲಿ ಎರಡು ಬೇರೆ ಬೇರೆ ವಾದ ಕಲಸಿಹೋಗಿದೆ. ಸ್ವೀಡನ್ನಿನ ಹಾನೆಸ್ ಆಲ್ಫ್ವೇನ್ 1970ರಲ್ಲಿ ನೊಬೆಲ್ ಪಡೆದದ್ದು ಪ್ಲಾಸ್ಮಾ ಮತ್ತು ಕಾಂತಕ್ಷೇತ್ರ ಒಟ್ಟಿಗೆ ಹೇಗೆ ಚಲಿಸುತ್ತವೆ ಎಂದು ತೋರಿಸಿದ್ದಕ್ಕೆ. ಅದು ಇವತ್ತಿಗೂ ದಿನನಿತ್ಯ ಬಳಸುವ ವಿಜ್ಞಾನ. ವಿಶ್ವ ಮಹಾಸ್ಫೋಟದಿಂದ ಶುರುವಾಯಿತು ಎನ್ನುವುದನ್ನು ಅವರು ಒಪ್ಪಲಿಲ್ಲ, ವಸ್ತು ಮತ್ತು ಪ್ರತಿವಸ್ತು (ವಸ್ತುವಿನದೇ ವಿರುದ್ಧ ವಿದ್ಯುದಂಶದ ಅವಳಿ, ತಾಗಿದರೆ ಎರಡೂ ನಾಶ) ಸಮಸಮ ಇರುವ ಬೇರೆ ವಿಶ್ವ ಕಟ್ಟಿದರು. ಅವೆರಡು ತಾಗುವಲ್ಲಿ ಗಾಮಾ ಕಿರಣ ಹೊಮ್ಮಬೇಕು. ಬೇಕಾದಷ್ಟು ಸಿಗಲಿಲ್ಲ. ಆದರೆ ಅವರು ತಕ್ಕಡಿಗೆ ಹಾಕಬಹುದಾದ ಮಾತು ಆಡಿದ್ದರು. ಶುಕ್ರ ಗುರುವಿನ ಹೊಟ್ಟೆಯಿಂದ ಬಂತು ಅಂತ ಅವರು ಹೇಳಿದವರಲ್ಲ.

ಎಂತ ಸಿಕ್ಕಿದರೆ ನೀವು ಒಪ್ತೀರಿ ಮಾಷ್ಟ್ರೇ?

ಸೂರ್ಯ ಹೊರಗಿನ ಕರೆಂಟಿನಿಂದ ಉರಿಯುವುದಾದರೆ ಅದನ್ನು ಬೆಳಗುವಷ್ಟು ಎಲೆಕ್ಟ್ರಾನುಗಳ ಹೊಳೆ ಸೂರ್ಯನ ಕಡೆಗೆ ಹರಿಯುತ್ತಿರಬೇಕು. ಈವರೆಗೆ ಹೋದ ನೌಕೆಗಳಿಗೆಲ್ಲ ಸಿಕ್ಕಿದ್ದು ಸೂರ್ಯನಿಂದ ಹೊರಗೆ ಬೀಸುವ ಗಾಳಿ, ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ, ಪ್ಲಸ್ಸು ಮೈನಸ್ಸು ಎರಡೂ ಒಟ್ಟಿಗೆ. 2021ರಲ್ಲಿ ಪಾರ್ಕರ್ ನೌಕೆ ಸೂರ್ಯನ ಕಿರೀಟದೊಳಗೇ ನುಗ್ಗಿ ಬಂತು. ಆ ಹೊಳೆ ಅಲ್ಲೂ ಇಲ್ಲ.

ಸೂರ್ಯನನ್ನು ನೋಡಲು ಕಳಿಸಿದ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ನಿಂತಿದೆ. ಅದರಲ್ಲಿ ‘ಪಾಪಾ’ ಅಂತ ಒಂದು ಉಪಕರಣ ಉಂಟು, ಮಾಡಿದ್ದು ತಿರುವನಂತಪುರದಲ್ಲಿ. ಸೌರಗಾಳಿಯ ಎಲೆಕ್ಟ್ರಾನುಗಳು ಎಷ್ಟು, ಯಾವ ದಿಕ್ಕಿನಿಂದ ಬಂದವು ಅಂತ ಎಣಿಸುವುದೇ ಅದರ ಕೆಲಸ. ಸೂರ್ಯನನ್ನು ಉರಿಸುವಷ್ಟು ಎಲೆಕ್ಟ್ರಾನು ಹೊರಗಿನಿಂದ ಒಳಗೆ ಹೋಗುವುದನ್ನು ಅದು ತೋರಿಸಿದ ದಿನ ಈ ಪುಟವನ್ನು ನಾನೇ ತಿದ್ದುತ್ತೇನೆ. ಗ್ರಹಣದ ದಿನ ಮೊಬೈಲ್ ತೋರಿಸಿ ಕೇಳಿದ ಆ ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನಿಗೂ ಇದನ್ನೇ ಹೇಳಿದ್ದೇನೆ.